ಹೊರಟವರನ್ನು ಎಲ್ಲಿಗೆ ಎಂದು ಕೇಳಬಾರದು

ನಮ್ಮ ಅಕ್ಕನನ್ನು ಯಾರೂ ಕದ್ದುಕೊಂಡು ಹೋಗಲಿಲ್ಲ. ನಾವೇ ಏರೋಪ್ಲೇನ್ ಹತ್ತಿಸಿ ಕಳಿಸಿದೆವು, ಯಾವ ಊರಿಗೆ ಎಂದು ಮಾತ್ರ ಕೇಳಲಿಲ್ಲ. ಆದದ್ದು ಇಷ್ಟೇ. ಆಮೇಲೆ ನಮ್ಮ ಜನ ಇದಕ್ಕೆ ಹಣೆಬರಹ, ಗ್ರಹಚಾರ ಎಂದೆಲ್ಲ ಹೆಸರಿಟ್ಟರು. ಗ್ರಹಕ್ಕೂ ಇದಕ್ಕೂ ಸಂಬಂಧವಿಲ್ಲ.

ಆಗಿನ ಜರಗನಹಳ್ಳಿ ಹಳ್ಳಿಯೇ. ಸುತ್ತ ರಾಗಿ ಹೊಲ, ನಡುವೆ ಅವರೆ ಸಾಲು. ಕನಕಪುರ ರಸ್ತೆಯಲ್ಲಿ ಎತ್ತಿನ ಗಾಡಿ ಹೆಚ್ಚು, ಬಸ್ಸು ಕಡಿಮೆ. ಜಯನಗರ ಇನ್ನೂ ಏಳುತ್ತಿತ್ತು. ಮನೆಗಳಿಗಿಂತ ಸೈಟಿನ ಕಲ್ಲುಗಳೇ ಜಾಸ್ತಿ ಇದ್ದವು. ನನಗೆ ಆಗ ಒಂಬತ್ತೋ ಹತ್ತೋ. ಅವ್ವ ನಾನು ಕೈಕೂಸಾಗಿದ್ದಾಗಲೇ ತೀರಿಹೋಗಿದ್ದಳು. ನನ್ನನ್ನು ಸಾಕಿದವಳು ಅಕ್ಕ ನಂಜಮ್ಮ. ಅವಳಿಗೂ ಹದಿನಾರು ದಾಟಿರಲಿಲ್ಲ. ತಲೆ ಬಾಚುವುದು, ಮುದ್ದೆ ಮುರಿದು ಕೊಡುವುದು, ಜ್ವರ ಬಂದರೆ ಪಕ್ಕದಲ್ಲಿ ಕೂರುವುದು ಎಲ್ಲ ಅವಳೇ. ಅಪ್ಪ ಮತ್ತು ಅಜ್ಜಿ ಇದ್ದರು. ಅವರಿಗೆ ಹೊಲವಿತ್ತು, ಎಮ್ಮೆಯಿತ್ತು. ನನಗೆ ಇದ್ದದ್ದು ಅಕ್ಕ ಒಬ್ಬಳೇ.

ಅಕ್ಕ ಜಯನಗರದ ಒಬ್ಬ ಆಫೀಸರ ಮನೆಗೆ ಕೂಸು ಆಡಿಸಲು ಹೋಗುತ್ತಿದ್ದಳು. ಬೆಳಗ್ಗೆ ಹೋದರೆ ಸಂಜೆ ಬರುತ್ತಿದ್ದಳು. ಸೆರಗಿನಲ್ಲಿ ಒಂದು ಬಿಸ್ಕತ್ತೋ, ಚೂರು ಕೊಬ್ಬರಿ ಮಿಠಾಯಿಯೋ ಇರುತ್ತಿತ್ತು. ಜಗಲಿಯ ಮೇಲೆ ಕೂತು ಇಬ್ಬರೂ ಕತ್ತಲಾಗುವವರೆಗೆ ಕಲ್ಲಾಟ ಆಡುತ್ತಿದ್ದೆವು. ಅವಳ ಕೈಗೆ ಪೌಡರಿನ ವಾಸನೆ, ನನ್ನ ಕೈಗೆ ಅವರೆಕಾಯಿ ಸೊಗಡಿನ ವಾಸನೆ.

ಒಂದು ದಿನ ಆಫೀಸರಿಗೆ ವರ್ಗವಾಗುತ್ತದೆ ಎಂದು ಸುದ್ದಿ ಬಂತು. ಕೂಸು ಅಕ್ಕನನ್ನು ಬಿಟ್ಟು ಇರುತ್ತಿರಲಿಲ್ಲ. ಆ ಮನೆಯ ಅಮ್ಮಾವರು ಅಪ್ಪನನ್ನು ಕರೆಸಿ, "ಎರಡು ವರ್ಷ ನಮ್ಜೊತೆ ಕಳಿಸಿಕೊಡಪ್ಪ, ಮಗಳ ಥರ ನೋಡ್ಕೋತೀವಿ, ಮದುವೆ ಹೊತ್ತಿಗೆ ತಂದು ಬಿಡ್ತೀವಿ" ಎಂದರು. ಯಾವ ಊರು ಎಂದು ಅಪ್ಪ ಆಗ ಕೇಳಿದ್ದ. ಆರ್ಡರ್ ಇನ್ನೂ ಬಂದಿಲ್ಲ, ಉತ್ತರದ ಕಡೆ ಇರಬಹುದು ಎಂದಿದ್ದರು. ಆರ್ಡರ್ ಬಂದಾಗ ಹೊರಡುವ ದಿನವೂ ಗೊತ್ತಾಗಿಬಿಟ್ಟಿತ್ತು. ದಿನ ಗೊತ್ತಾದ ಮೇಲೆ ನಮ್ಮಲ್ಲಿ ಯಾರೂ ಎಲ್ಲಿಗೆ ಎಂದು ಬಾಯಿ ಬಿಡುವುದಿಲ್ಲ. ಹೊರಟವರನ್ನು ಹಾಗೆ ಕೇಳಿದರೆ ಹೋದ ಕೆಲಸ ಕೆಡುತ್ತದೆ, ದಾರಿಯಲ್ಲಿ ಕೇಡಾಗುತ್ತದೆ.

ನಾನು ಕೇಳಿದೆ. ಅಕ್ಕ ಟ್ರಂಕಿಗೆ ಸೀರೆ ಮಡಚಿ ಇಡುತ್ತಿದ್ದಳು. "ಅಕ್ಕಾ, ನೀನು ಎಲ್ಲಿ..." ಎನ್ನುವಷ್ಟರಲ್ಲಿ ಅಜ್ಜಿ ಬಾಯಿಗೆ ಹೊಡೆದಳು.

"ಅಪಶಕುನದ ಮುಂಡೇದು. ಮೋಡದ ಮ್ಯಾಲೆ ಹೋಗೋಳ್ನ ಹಂಗೆ ಕೇಳ್ತೀಯಾ? ಬಿದ್ಗಿದ್ದಾತು."

ಅಕ್ಕ ನನ್ನ ತುಟಿ ಒರೆಸಿ, "ಬರ್ತೀನಿ ಕಣೆ, ಸುಮ್ಕಿರು" ಎಂದಳು. ಅವಳಿಗೆ ಗೊತ್ತಿತ್ತೋ ಇಲ್ಲವೋ, ಅದೂ ನನಗೆ ತಿಳಿಯಲಿಲ್ಲ.

ಹೊರಡುವ ದಿನ ಅಕ್ಕ ಅವರ ಕಾರಿನಲ್ಲಿ ಹೋದಳು. ಅಪ್ಪ, ಅಜ್ಜಿ, ನಾನು ಮಾರ್ಕೆಟ್ಟಿಗೆ ಬಂದು, ಅಲ್ಲಿ ಬಸ್ಸು ಬದಲಾಯಿಸಿ, ಊರಿನ ಮೂಡಣದ ವಿಮಾನ ನಿಲ್ದಾಣಕ್ಕೆ ಹೋದೆವು. ಯುದ್ಧದ ಕಾಲದಲ್ಲಿ ಏರೋಪ್ಲೇನ್ ರಿಪೇರಿಗೆಂದು ಮಾಡಿದ ಬಯಲು ಅದು. ಆಗ ಅಪ್ಪ ಹುಡುಗ. ಅಲ್ಲಿ ಕೂಲಿಗೆ ಜಲ್ಲಿ ಹೊತ್ತಿದ್ದನಂತೆ. "ಆ ರಸ್ತೆ ಕಾಣ್ತದಲ್ಲ, ಅದಕ್ಕೆ ನನ್ನ ಹೆಗಲು ಸವ್ದದೆ" ಎಂದು ತೋರಿಸಿದ. ಏರೋಪ್ಲೇನ್ ಓಡುವುದಕ್ಕೂ ರಸ್ತೆ ಬೇಕು ಎಂದು ನನಗೆ ಅವತ್ತು ತಿಳಿಯಿತು.

ನಿಲ್ದಾಣ ಎಂದರೆ ಏನೋ ಅರಮನೆ ಎಂದುಕೊಂಡಿದ್ದೆ. ಸುಣ್ಣ ಬಳಿದ ಒಂದು ತಗ್ಗು ಕಟ್ಟಡ, ಮುಂದೆ ಕ್ರೋಟನ್ ಗಿಡದ ಕುಂಡಗಳು, ಒಳಗೆ ಬೆತ್ತದ ಕುರ್ಚಿಗಳು, ಫ್ಯಾನು, ಒಂದು ಕಾಫಿ ಕೌಂಟರು. ನೆಲ ಎಷ್ಟು ನುಣುಪಾಗಿತ್ತೆಂದರೆ ಅಜ್ಜಿ ಗೋಡೆ ಹಿಡಿದು ನಡೆದಳು. ಎಲ್ಲೆಲ್ಲೂ ಪೆಟ್ರೋಲಿನಂಥ ವಾಸನೆ. ಹೊರಗೆ ಕಂಬದ ತುದಿಯಲ್ಲಿ ಬಟ್ಟೆಯ ಚೀಲವೊಂದು ಗಾಳಿ ತುಂಬಿಕೊಂಡು ಅಡ್ಡಡ್ಡ ಹಾರುತ್ತಿತ್ತು.

ಒಂದು ಕಡೆ ದೊಡ್ಡ ತಕ್ಕಡಿ. ಮೊದಲು ಟ್ರಂಕುಗಳನ್ನು ತೂಗಿದರು. ಆಮೇಲೆ ಮನುಷ್ಯರನ್ನೂ ತೂಗಿದರು. ಆಗಿನ ಏರೋಪ್ಲೇನ್ ಸಣ್ಣದು, ಭಾರ ನೋಡಿಯೇ ಹತ್ತಿಸುತ್ತಿದ್ದರು. ಅಕ್ಕ ಕೂಸನ್ನು ಸೊಂಟದ ಮೇಲೆ ಇಟ್ಟುಕೊಂಡು ತಕ್ಕಡಿ ಮೇಲೆ ನಿಂತಳು.

"ಅಯ್ಯೋ ಶಿವನೆ, ಕಳ್ಳೇಕಾಯಿ ತೂಗ್ದಂಗೆ ತೂಗ್ತಾವ್ರಲ್ಲೋ" ಎಂದಳು ಅಜ್ಜಿ.

ತೂಗುತ್ತಿದ್ದ ಬಿಳಿ ಪ್ಯಾಂಟಿನವನು ನಕ್ಕ. "ನೀವೂ ಬನ್ನಿ ಅಜ್ಜಿ, ನಿಮ್ಮನ್ನೂ ತೂಗಿಬಿಡ್ತೀನಿ."

"ನನ್ನ ತೂಗೋನು ಮ್ಯಾಲವ್ನೆ. ನೀನು ನಿನ್ ಕೆಲ್ಸ ನೋಡ್ಕೊಳಪ್ಪ."

ಅಮ್ಮಾವರು ನನ್ನ ತಲೆ ಸವರಿದರು. ಇವರನ್ನು ಕೇಳೋಣ ಎಂದು ಬಾಯಿ ತೆರೆದೆ. ಅಜ್ಜಿ ಹಿಂದಿನಿಂದ ರಟ್ಟೆ ಚಿವುಟಿದಳು. ಅಷ್ಟರಲ್ಲಿ ಮೈಕಿನಲ್ಲಿ ಏನೋ ಹೇಳಿದರು, ಇಂಗ್ಲಿಷಿನಲ್ಲಿ. ಅದರಲ್ಲಿ ಊರಿನ ಹೆಸರು ಇದ್ದೇ ಇರಬೇಕು. ಅಲ್ಲಿದ್ದ ಅಷ್ಟು ಜನಕ್ಕೂ ನಮ್ಮ ಅಕ್ಕ ಎಲ್ಲಿಗೆ ಹೋಗುತ್ತಾಳೆಂದು ಗೊತ್ತಾಯಿತು, ನಮಗೆ ಮೂವರಿಗೆ ಬಿಟ್ಟು.

ಕಳಿಸಲು ಬಂದವರೆಲ್ಲ ಬಿಳಿ ಬಣ್ಣ ಬಳಿದ ಕಟಕಟೆಯ ಆಚೆ ಹೋಗುವಂತಿರಲಿಲ್ಲ. ಅಕ್ಕ ಕೂಸನ್ನು ಎತ್ತಿಕೊಂಡು ಬಯಲಿನಲ್ಲಿ ನಡೆದಳು. ಗಾಲಿಯ ಮೇಲಿನ ಏಣಿಯನ್ನು ಏರೋಪ್ಲೇನಿಗೆ ತಂದು ನಿಲ್ಲಿಸಿದ್ದರು. ನಾನು ಉಸಿರು ತುಂಬಿಕೊಂಡೆ. ಅಜ್ಜಿಯ ಅಂಗೈ ಬಂದು ಬಾಯಿ ಮುಚ್ಚಿತು, ಎಲೆಯಡಿಕೆ ವಾಸನೆ. "ಹೋಗೋರ್ನ ಹಿಂದ್ಲಿಂದ ಕೂಗ್ಬಾರ್ದು ಕಣಮ್ಮಿ." ಯಾರೂ ಕೂಗಲಿಲ್ಲ, ಅಕ್ಕ ತಿರುಗಲಿಲ್ಲ. ಫ್ಯಾನಿನಂಥದು ತಿರುಗಿ, ಧೂಳೆದ್ದು, ಅಪ್ಪ ಜಲ್ಲಿ ಹೊತ್ತ ರಸ್ತೆಯ ಮೇಲೆ ಓಡಿ ಏರೋಪ್ಲೇನ್ ಎದ್ದುಹೋಯಿತು. ಅಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡ.

ವಾಪಸ್ಸು ಬರುವಾಗ ಬಸ್ಸಿನಲ್ಲಿ ಅಜ್ಜಿ ಮೆಲ್ಲಗೆ ಕೇಳಿದಳು. "ಯಾವೂರಂತ್ಲಾ ಅದು?"

ಅಪ್ಪ ಅವಳ ಮುಖ ನೋಡಿದ. "ನಿಂಗೊತ್ತಿಲ್ವಾ? ಅವಮ್ಮನ ಜೊತೆ ಅಷ್ಟೊತ್ತು ಮಾತಾಡ್ತಿದ್ದೆ."

"ಕೂಸಿನ ಹೊಟ್ಟೆನೋವಿಗೆ ಓಮ ಕೊಡಿ ಅಂದೆ. ಹೊಂಟು ನಿಂತೋರ್ನ ನಾನು ಊರು ಕೇಳ್ಲಾ?"

"ಮತ್ತೆ ನಾನು ಕೇಳ್ತೀನಾ?"

ಮುಂದಿನ ಸೀಟಿನಲ್ಲಿದ್ದವನೊಬ್ಬ ತಿರುಗಿದ. "ಪ್ಲೇನೆಲ್ಲಾ ಹೋಗೋದು ಡೆಲ್ಲಿಗೇ ಕಣಣ್ಣ, ಇನ್ನೆಲ್ಲಿಗೆ."

"ಹಂಗಾದ್ರೆ ಡೆಲ್ಲೀನೇ" ಎಂದ ಅಪ್ಪ. ಅಜ್ಜಿ ತಲೆಯಾಡಿಸಿದಳು. ಅವರಿಬ್ಬರಿಗೂ ಅಲ್ಲಿಗೆ ಮುಗಿಯಿತು. ನನಗೆ ಮುಗಿಯಲಿಲ್ಲ. ಬಸ್ಸಿನಲ್ಲಿ ಕೂತವನು ಹೇಳಿದ ಊರಿನಲ್ಲಿ ನನ್ನ ಅಕ್ಕ ಇದ್ದಾಳೆಂದು ಹೇಗೆ ನಂಬುವುದು?

ಮನೆಗೆ ಬಂದು ಜಗಲಿಯ ಮೇಲೆ ಒಬ್ಬಳೇ ಕಲ್ಲಾಟ ಆಡಿದೆ. ನನ್ನ ಸರದಿ ನಾನಾಡಿ, ಅವಳ ಸರದಿಯನ್ನೂ ನಾನೇ ಆಡಿದೆ. ಅವಳೇ ಗೆದ್ದಳು. ಅಜ್ಜಿ ಹಿತಕಿದಬೇಳೆ ಸಾರು ಮಾಡಿದ್ದಳು. ಉಂಡೆ. ಹಸಿವು ಯಾರಿಗೂ ಕಾಯುವುದಿಲ್ಲ.

ಎರಡು ವರ್ಷ ಎಂದದ್ದು ನಾಲ್ಕಾಯಿತು. ಅಕ್ಕ ಬಂದಾಗ ನಾನು ಲಂಗ ದಾವಣಿ ಉಡುತ್ತಿದ್ದೆ. ಅವಳು ದಪ್ಪಗಾಗಿದ್ದಳು, ಹಿಂದಿ ಬರುತ್ತಿತ್ತು. "ಕಾಫಿ ಕುಡೀತೀಯಾ ಅಕ್ಕಾ?" ಎಂದು ಕೇಳಿದೆ. ನೆಂಟರನ್ನು ಕೇಳುವ ಮಾತು ಅದು, ಮನೆಮಗಳನ್ನು ಯಾರೂ ಹಾಗೆ ಕೇಳುವುದಿಲ್ಲ. ಅವಳೂ "ಕೊಡಮ್ಮ" ಎಂದಳು. ಮೂರು ತಿಂಗಳಲ್ಲಿ ಮದುವೆ ಮಾಡಿ ಕಳಿಸಿದರು. ಈಗ ಅವಳಿಲ್ಲ. ನಮ್ಮ ಅವರೆ ಹೊಲದ ಮೇಲೆ ನಮ್ಮದೇ ಬಾಡಿಗೆ ಮನೆಗಳಿವೆ. ಆ ಹಳೆಯ ನಿಲ್ದಾಣದಲ್ಲಿ ಊರಿನ ಜನ ಏರೋಪ್ಲೇನ್ ಹತ್ತುವುದಿಲ್ಲ. ಎಲ್ಲ ದೇವನಹಳ್ಳಿ ಕಡೆ ಹೋಯಿತು. ಮೊಮ್ಮಗಳು ಹೊರಟರೆ ಅವಳ ವಿಮಾನ ಯಾವ ಊರಿನ ಮೇಲಿದೆ ಎಂದು ಫೋನೇ ತೋರಿಸುತ್ತದೆ. ಒಳ್ಳೆಯದೇ. ಆದರೆ ನಾನು ಹಾಗೆ ಕೂತು ದಾರಿ ಕಾಯುವಂಥ ಜನ ನನಗೆ ಆಮೇಲೆ ಯಾರೂ ಸಿಗಲಿಲ್ಲ. ಮದುವೆಯಾಯಿತು, ಮಕ್ಕಳಾದರು, ಮನೆ ತುಂಬಿತು. ಅಕ್ಕನ ಜಾಗ ಹಾಗೇ ಖಾಲಿ ಉಳಿಯಿತು.

ಅಂದು ಅಕ್ಕ ಏರೋಪ್ಲೇನ್ ಹತ್ತಿ ಹೋದ ಮಾರನೆಯ ಬೆಳಗ್ಗೆ ನಾನು ಯಾರಿಗೂ ಹೇಳದೆ ಎದ್ದು ಜಯನಗರಕ್ಕೆ ನಡೆದೆ. ಆಫೀಸರ ಮನೆಗೆ ಬೀಗ. ಪಕ್ಕದ ಮನೆಯಲ್ಲಿ ಒಬ್ಬರು ರಂಗೋಲಿ ಇಡುತ್ತಿದ್ದರು.

"ನಮ್ಮಕ್ಕ ಯಾವೂರಿಗೆ ಹೋದ್ಳು?" ಎಂದೆ.

ಅವರು ತಲೆಯೆತ್ತಿದರು. "ನಂಜಮ್ಮನ ತಂಗಿಯೇನೇ? ನಿಮಗೆ ಹೇಳ್ಲೇ ಇಲ್ವಾ ಅವರು?"

"ನಾವು ಕೇಳ್ಲಿಲ್ಲ."

"ಗೌಹಾಟಿ ಕಣೆ. ಅಸ್ಸಾಂ. ತುಂಬಾ ದೂರ."

"ಯಾವ ಕಡೆ ಬರ್ತದೆ?"

ಅವರು ರಂಗೋಲಿ ಪುಡಿ ಹಿಡಿದ ಕೈಯನ್ನೇ ಎತ್ತಿ, ಸ್ವಲ್ಪ ಯೋಚಿಸಿ, ಸೈಟಿನ ಕಲ್ಲುಗಳ ಆಚೆ ಒಂದು ಕಡೆಗೆ ತೋರಿಸಿದರು. ನಾನು ಆ ಕಡೆಗೆ ಮುಖ ಮಾಡಿ ಸ್ವಲ್ಪ ಹೊತ್ತು ನಿಂತೆ. ಆಮೇಲೆ ಮನೆಗೆ ಬಂದು ಎಮ್ಮೆ ಬಿಚ್ಚಿದೆ.