ನಿನ್ನನ್ನು ಯಾರು ಕಳಿಸಿದ್ದು?

ಮಿಸ್ ಅರ್ನೆಸ್ಟೀನ್ ಪಾಠ ಹೇಳುತ್ತಿದ್ದ ಕೋಣೆಯಲ್ಲಿ ಕಪ್ಪು ಹಲಗೆಯ ಮೇಲ್ತುದಿಗೆ ಬಸ್ಸಿನ ಕನ್ನಡಿಯೊಂದನ್ನು ತಂತಿಯಿಂದ ಬಿಗಿದಿದ್ದರು. ಡ್ರೈವರು ತಲೆಯೆತ್ತಿ ಹಿಂದಿನ ಸೀಟಿನವರನ್ನು ನೋಡುತ್ತಾರಲ್ಲ, ಅಂಥ ಉದ್ದನೆಯ ಕನ್ನಡಿ. ಜೀವಮಾನವೆಲ್ಲ ಬಸ್ಸು ಓಡಿಸಿ ನಿವೃತ್ತರಾದವರು ಅವರು. ಹಲಗೆಯ ಮೇಲೆ ಬರೆಯುವಾಗ ಬೆನ್ನು ನಮ್ಮ ಕಡೆಗೆ, ಕಣ್ಣು ಕನ್ನಡಿಯಲ್ಲಿ. ಯಾರು ಆಕಳಿಸಿದರು, ಯಾರು ಪಕ್ಕದವರ ಕಿವಿಯಲ್ಲಿ ಏನೋ ಅಂದರು, ಯಾರು ಚೀಲಕ್ಕೆ ಕೈ ಹಾಕಿದರು, ಎಲ್ಲವೂ ಅವರಿಗೆ ಕಾಣುತ್ತಿತ್ತು. ಎಪ್ಪತ್ತು ದಾಟಿದ್ದ ಆ ಹಿರಿಯರಿಗೆ ಲೋಕದಲ್ಲಿ ಯಾರ ಮೇಲೂ ನಂಬಿಕೆಯಿರಲಿಲ್ಲ. ನನ್ನ ಮೇಲಂತೂ ಎಳ್ಳಷ್ಟೂ ಇರಲಿಲ್ಲ.

ಬೇ ಏರಿಯಾಕ್ಕೆಲ್ಲ ಇಂಟರ್ನೆಟ್ ಕಂಪನಿಗಳ ಡಾಟ್-ಕಾಂ ಜ್ವರ ಏರಿದ್ದ ಕಾಲ ಅದು. ನನ್ನ ಗಂಡ ರಘು ಅಂಥದೇ ಒಂದು ಕಂಪನಿಯಲ್ಲಿದ್ದರು. ನನ್ನದು ಅವರಿಗೆ ಅಂಟಿಕೊಂಡು ಬಂದ ವೀಸಾ, ಕೆಲಸ ಮಾಡುವ ಹಾಗಿರಲಿಲ್ಲ. ಹಾಸನದಲ್ಲಿ ಹೈಸ್ಕೂಲು ಮಕ್ಕಳಿಗೆ ಇತಿಹಾಸ ಹೇಳುತ್ತಿದ್ದವಳು ಇಲ್ಲಿ ಬೆಳಗಿನಿಂದ ಸಂಜೆಯವರೆಗೆ ಅಪಾರ್ಟ್‌ಮೆಂಟಿನ ಕಾರ್ಪೆಟ್ಟು ನೋಡಿಕೊಂಡು ಕೂರಬೇಕು. ಒಂದು ದಿನ ಲೈಬ್ರರಿಯ ಬಾಗಿಲಲ್ಲಿ ಕೈಬರಹದ ಚೀಟಿ ಕಂಡೆ: ಈಸ್ಟ್ ಪಾಲೊ ಆಲ್ಟೊದ ಕಪ್ಪು ಜನರ ಇತಿಹಾಸ, ಪ್ರತಿ ಶನಿವಾರ, ಕ್ಷೌರದಂಗಡಿಯ ಹಿಂದಿನ ಕೋಣೆ, ಎಲ್ಲರಿಗೂ ಸ್ವಾಗತ. ಇತಿಹಾಸ ಎನ್ನುವ ಪದ ಕಂಡದ್ದೇ ಜೀವ ಬಂದಂತಾಯಿತು.

ರಘು ಹೌಹಾರಿದರು. "ಸುಮಾ, ಫ್ರೀವೇ ಆ ಕಡೆ ಸೇಫಲ್ಲ ಅಂತ ಆಫೀಸಲ್ಲಿ ಎಲ್ಲಾ ಹೇಳ್ತಾರೆ. ಬೇಕಾ ನಿಂಗೆ ಇದೆಲ್ಲಾ?"

"ಆಫೀಸಿನವರು ಯಾರಾದ್ರೂ ಒಂದ್ಸಲ ಹೋಗಿ ನೋಡಿದಾರೇನ್ರೀ?" ಎಂದು ದಬಾಯಿಸಿ ಹೊರಟೆ. ದಬಾಯಿಸಿದ್ದೇನೋ ಸರಿ, ಬಸ್ಸಿನಲ್ಲಿ ಉದ್ದಕ್ಕೂ ಸ್ವೆಟರಿನ ಮೇಲಿನಿಂದ ಮಾಂಗಲ್ಯವನ್ನು ಗಟ್ಟಿಯಾಗಿ ಹಿಡಿದುಕೊಂಡೇ ಕೂತಿದ್ದೆ. ಕೋಣೆಯೊಳಗೆ ಹೋಗಿ ಕುರ್ಚಿಯಲ್ಲಿ ಕೂತ ಮೇಲೂ ಕೈ ಅಲ್ಲೇ ಇತ್ತು.

ಎಲ್ಲರಿಗೂ ಸ್ವಾಗತ ಎಂದು ಬರೆದವರು ನನಗೆ ಹೇಳಿದ ಮೊದಲ ಮಾತು, "ನಿನ್ನನ್ನು ಯಾರು ಕಳಿಸಿದ್ದು?"

ಅವರು ಮಾತಾಡುತ್ತಿದ್ದುದು ಇಂಗ್ಲಿಷು. ಆದರೆ ನನ್ನ ನೆನಪಿನಲ್ಲಿ ಅವರು ನಮ್ಮ ಹಾಸನದ ಕಡೆಯ ಜಬರದಸ್ತು ಅಜ್ಜಿಯರ ಹಾಗೇ ಮಾತಾಡುತ್ತಾರೆ, ಹಾಗಾಗಿ ಹಾಗೆಯೇ ಬರೆಯುತ್ತೇನೆ.

"ಯಾರೂ ಕಳಿಸಿಲ್ಲ, ನಾನೇ ಬಂದೆ" ಎಂದೆ.

"ಎಲ್ಲಾರೂ ಹಂಗೇ ಅನ್ನೋದು," ಎಂದು ಅವರು ಹಲಗೆಯ ಕಡೆ ತಿರುಗಿದರು. ಸ್ವಲ್ಪ ಹೊತ್ತಾದ ಮೇಲೆ ಕನ್ನಡಿಯಲ್ಲೇ ನೋಡಿ, "ಸರ ಯಾರೂ ಕಿತ್ಕೊಳಲ್ಲ, ಕೈ ಬಿಡಮ್ಮ. ತೋಳು ನೋಯುತ್ತೆ" ಎಂದರು. ಕೋಣೆಯ ತುಂಬ ನಗೆ ಎದ್ದಿತು. ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

ಅವರ ಪಾಠಕ್ಕೆ ಪುಸ್ತಕವಿರಲಿಲ್ಲ. ಹಳೆಯ ಮನೆಪತ್ರಗಳ ಒಂದು ತಗಡಿನ ಪೆಟ್ಟಿಗೆಯಿತ್ತು. ಫ್ರೀವೇ ಹೆದ್ದಾರಿಯ ಇನ್ನೊಂದು ಪಕ್ಕದ, ಈಗ ಮರಗಳು ತಂಪಾಗಿ ಬೆಳೆದು ನಿಂತಿರುವ ಬೀದಿಗಳ ಕ್ರಯಪತ್ರಗಳು. ಬಿಳಿಯರಲ್ಲದವರು ಈ ಮನೆಯಲ್ಲಿ ವಾಸಿಸತಕ್ಕದ್ದಲ್ಲ, ಮನೆಗೆಲಸದವರ ಹೊರತು, ಎಂದು ಅವುಗಳಲ್ಲಿ ಟೈಪು ಮಾಡಿತ್ತು. ಆ ಸಾಲನ್ನು ಪ್ರತಿಯೊಬ್ಬರೂ ಬೆರಳಿಟ್ಟು ಓದಬೇಕು. ನನ್ನ ಸರದಿ ಬಂದಾಗ, "ನಿಮ್ಮೂರಲ್ಲಿ ಇಂಥದ್ದು ಉಂಟೋ?" ಎಂದು ಕೇಳಿದರು.

"ಇಲ್ಲಪ್ಪ, ಇಂಥ ಕಾಗದ ನಾನು ನೋಡೇ ಇಲ್ಲ" ಎಂದೆ. ಕನ್ನಡಿಯಲ್ಲಿ ಅವರ ಕಣ್ಣು ನನ್ನ ಮೇಲೆಯೇ ನಿಂತಿತ್ತು. ಹಾಸನದ ನಮ್ಮ ಮನೆಯ ಹಿಂಭಾಗವನ್ನು ಬಾಡಿಗೆಗೆ ಕೊಡುವಾಗ, ಬಂದವರಿಗೆ ನೀರು ಕೊಡುವುದಕ್ಕೂ ಮೊದಲು ನಮ್ಮಮ್ಮ "ನೀವು ಯಾವ ಜನ?" ಎಂದು ಕೇಳುತ್ತಿದ್ದುದು ನೆನಪಾಯಿತು. ಉತ್ತರ ಕೇಳಿ, ಮನೆ ಆಗಲೇ ಹೋಗಿಬಿಟ್ಟಿದೆ ಎಂದು ಎಷ್ಟೋ ಜನರನ್ನು ಸಾಗಹಾಕಿದ್ದೂ ನೆನಪಾಯಿತು. ತೊದಲುತ್ತಾ ಅದನ್ನು ಹೇಳಿದೆ.

"ಓಹೋ," ಎಂದರು ಮಿಸ್ ಅರ್ನೆಸ್ಟೀನ್. "ನಿಮ್ಮೋರಿಗೆ ಕಾಗದಾನೂ ಬೇಕಾಗಿರ್ಲಿಲ್ಲ ಅನ್ನು."

ನನಗೆ ರೇಗಿತು. ಊರಿನ ಮಾನ ಹೋಯಿತಲ್ಲ ಎಂದು ವಾರವಿಡೀ ಒಳಗೊಳಗೇ ಬೈದುಕೊಂಡೆ. ಆದರೆ ಮುಂದಿನ ಶನಿವಾರ ಮತ್ತೆ ಹೋದೆ, ಅದೂ ಬರಿಗೈಯಲ್ಲಿ ಹೋಗಬಾರದೆಂದು ದೊಡ್ಡ ಸ್ಟೀಲು ಡಬ್ಬಿಯ ತುಂಬ ಚಿತ್ರಾನ್ನ ಕಲಸಿಕೊಂಡು ಹೋದೆ. ಅಲ್ಲೇ ನಾನು ಎಡವಿದ್ದು.

ಎಲ್ಲರಿಗೂ ಬಡಿಸಿದೆ. ಮಿಸ್ ಅರ್ನೆಸ್ಟೀನ್ ತಟ್ಟೆಯನ್ನು ಮುಟ್ಟಲಿಲ್ಲ. "ಮೊದಲು ನೀನು ತಿನ್ನು."

"ನಾನು ತಿನ್ನೋ ಹಾಗಿಲ್ಲ, ಇವತ್ತು ಶನಿವಾರ."

"ಶನಿವಾರಕ್ಕೂ ಅನ್ನಕ್ಕೂ ಏನಮ್ಮ ಸಂಬಂಧ?"

ಶನಿವಾರ ಒಪ್ಪತ್ತು, ಮದುವೆಗೆ ಮುಂಚಿನಿಂದಲೂ ಅನ್ನ ಮುಟ್ಟುವುದಿಲ್ಲ, ಆಂಜನೇಯನಿಗೆ ಹೊತ್ತ ಹರಕೆ, ಎಂದೆಲ್ಲ ವಿವರಿಸಿದೆ. ವಿವರಿಸಿದಷ್ಟೂ ಅವರ ಹುಬ್ಬು ಮೇಲೇರಿತು. ತಟ್ಟೆಯನ್ನು ನಿಧಾನವಾಗಿ ನನ್ನ ಕಡೆಗೇ ತಳ್ಳಿದರು. ಉಳಿದವರೂ ಕೈ ಹಿಂದಕ್ಕೆ ತೆಗೆದುಕೊಂಡರು. ಅಷ್ಟೂ ಚಿತ್ರಾನ್ನವನ್ನು ವಾಪಸು ಹೊತ್ತುಕೊಂಡು ಬಸ್ಸಿನಲ್ಲಿ ಕೂತಾಗ ಅಳುವೇ ಬಂದುಬಿಟ್ಟಿತು.

ಯಾಕೆ ಹಾಗೆ ಎಂದು ಆಮೇಲೆ ಕ್ಷೌರದಂಗಡಿಯ ಲೂಥರ್ ಹೇಳಿದರು. ಮಿಸ್ ಅರ್ನೆಸ್ಟೀನ್ ಹರೆಯದಲ್ಲಿದ್ದಾಗ, ಮನೆ ಕೊಡದ ಮಾಲೀಕರ ವಿರುದ್ಧ ಇದೇ ಓಣಿಯಲ್ಲಿ ಸಭೆ ಸೇರುತ್ತಿದ್ದರಂತೆ. ಅಲ್ಲಿಗೆ ಒಬ್ಬ ತಪ್ಪದೆ ಬರುತ್ತಿದ್ದ. ಕುರ್ಚಿ ಒರೆಸುತ್ತಿದ್ದ, ಎಲ್ಲರಿಗೂ ಕೇಕು ತರುತ್ತಿದ್ದ. ತನಗೆ ಸಕ್ಕರೆ ಕಾಯಿಲೆ ಎಂದು ತಾನು ಮಾತ್ರ ತಿನ್ನುತ್ತಿರಲಿಲ್ಲ. ಬಂದವರ ಹೆಸರನ್ನೆಲ್ಲ ಬರೆದು ಪೊಲೀಸರಿಗೆ ಕೊಡುತ್ತಿದ್ದವನು ಅವನೇ ಎಂದು ತಿಳಿಯುವಷ್ಟರಲ್ಲಿ ಮಿಸ್ ಅರ್ನೆಸ್ಟೀನರ ಅಣ್ಣನ ಕೆಲಸ ಹೋಗಿತ್ತು. ಅಂದಿನಿಂದ ಮಿಸ್ ಅರ್ನೆಸ್ಟೀನ್ ಇನ್ನೊಬ್ಬರ ಹೆಸರನ್ನು ಯಾವ ಅಧಿಕಾರಿಯ ಮುಂದೆಯೂ ಬಾಯಿ ಬಿಟ್ಟು ಹೇಳಿದವರಲ್ಲ. ಅವರ ತರಗತಿಯಲ್ಲಿ ಟೇಪು ಇಲ್ಲ, ಫೋಟೋ ಇಲ್ಲ, ಬರೆದುಕೊಳ್ಳುವುದೂ ಇಲ್ಲ. ಕೇಳಬೇಕು, ನೆನಪಿಡಬೇಕು.

ನನಗಾದರೋ ಬರೆಯದಿದ್ದರೆ ತಲೆಗೆ ಹತ್ತುವುದಿಲ್ಲ. ಮಡಿಲಲ್ಲಿ ಪುಸ್ತಕವಿಟ್ಟುಕೊಂಡು ಕದ್ದು ಗೀಚುತ್ತಿದ್ದೆ. ಕನ್ನಡಿ ಬಿಡಬೇಕಲ್ಲ!

"ಎದ್ದು ನಿಲ್ಲು. ಬರೆದಿದ್ದನ್ನ ಓದು."

ಎದ್ದು ನಿಂತು ಓದಿದೆ, ಕನ್ನಡದಲ್ಲಿ. ಯಾರಿಗೂ ಒಂದಕ್ಷರ ಅರ್ಥವಾಗಲಿಲ್ಲ. ಸಾಲುಸಾಲಾಗಿ ಇಂಗ್ಲಿಷಿನಲ್ಲೂ ಹೇಳಿಸಿದರು. ಪುಸ್ತಕವನ್ನು ತೆಗೆದುಕೊಂಡು ಮೇಲೆ ಕೆಳಗೆ ತಿರುಗಿಸಿ ನೋಡಿದರು. ಆಮೇಲೆ ಲೂಥರ್ ಕಡೆ ತಿರುಗಿ, "ಇವಳೊಬ್ಬಳು ಬರೆದ್ಕೊಳ್ಳಲಿ ಬಿಡು. ಪೊಲೀಸರ ಕೈಗೆ ಸಿಕ್ಕಿದ್ರೂ ಅವರಪ್ಪನಿಗೂ ಓದಕ್ಕಾಗಲ್ಲ" ಎಂದರು. ಆದರೆ ಪ್ರತಿ ಶನಿವಾರ ಬರೆದುದನ್ನೆಲ್ಲ ಗಟ್ಟಿಯಾಗಿ ಓದಿ ತೋರಿಸಿಯೇ ಹೋಗಬೇಕು ಎಂಬ ಕರಾರು ಹಾಕಿದರು. ನಾನು ಒಂದು ಸಾಲನ್ನು ನುಂಗಿದರೂ ಅವರಿಗೆ ಹೇಗೋ ಗೊತ್ತಾಗುತ್ತಿತ್ತು.

ಅವರ ಇನ್ನೊಂದು ಮಾತು: "ಒಬ್ಬರು ಹೇಳಿದ್ದು ಸುದ್ದಿ, ಇಬ್ಬರು ಹೇಳಿದ್ದು ಚರಿತ್ರೆ." ಯಾರಾದರೂ ತಮ್ಮ ಅಜ್ಜನ ಕತೆ ಹೇಳಿದರೆ, "ಇನ್ನೊಬ್ಬರನ್ನ ಕರ್ಕೊಂಡು ಬಾ, ಆಮೇಲೆ ನಂಬ್ತೀನಿ" ಎನ್ನುತ್ತಿದ್ದರು. ತಮ್ಮ ಸ್ವಂತ ತಾಯಿಯ ಕತೆಗೂ ಎರಡನೆಯ ಸಾಕ್ಷಿ ಸಿಗುವವರೆಗೆ ಪಾಠದಲ್ಲಿ ಜಾಗ ಕೊಟ್ಟಿರಲಿಲ್ಲ. ಇಷ್ಟೊಂದು ಅನುಮಾನ ಇಟ್ಟುಕೊಂಡು ಈ ಹೆಂಗಸು ನಿದ್ದೆ ಹೇಗೆ ಮಾಡುತ್ತಾರೆ ಎಂದು ನಾನು ಯೋಚಿಸುತ್ತಿದ್ದೆ.

ಒಂದು ಶನಿವಾರ ಟೈ ಕಟ್ಟಿದ ಒಬ್ಬಾತ ನಗುನಗುತ್ತಾ ಬಂದ. ಆ ಕ್ಷೌರದಂಗಡಿ, ಹಿಂದಿನ ಕೋಣೆ, ಪಕ್ಕದ ಸಾಲುಮನೆಗಳು ಎಲ್ಲವನ್ನೂ ಯಾರೋ ಕೊಂಡಿದ್ದರು, ಅವರ ಕಡೆಯವನು. ಆಫೀಸು ಕಟ್ಟುವುದು ಮೂಲೆಯ ಖಾಲಿ ಜಾಗದಲ್ಲಿ ಮಾತ್ರ, ಈ ಸಾಲನ್ನು ಮುಟ್ಟುವುದಿಲ್ಲ, ಯಾರೂ ಮನೆ ಬಿಡಬೇಕಾಗಿಲ್ಲ ಎಂದು ಎಲ್ಲರ ಮುಂದೆ ಹೇಳಿದ. "ನಿನ್ನನ್ನು ಯಾರು ಕಳಿಸಿದ್ದು?" ಎಂದು ಮಿಸ್ ಅರ್ನೆಸ್ಟೀನ್ ಕೇಳಿದರು. ಅವನು ಹೆಸರು ಹೇಳಿದ. ಅಷ್ಟನ್ನೂ ನಾನು ಬರೆದುಕೊಂಡೆ. ಎರಡೇ ತಿಂಗಳಿಗೆ ಸಾಲಿನ ಎಲ್ಲ ಬಾಗಿಲುಗಳ ಮೇಲೂ ಮನೆ ಖಾಲಿ ಮಾಡಿ ಎಂಬ ನೋಟಿಸು ಅಂಟಿತ್ತು.

ನಗರಸಭೆಯ ಸಿಟಿ ಹಾಲಿನಲ್ಲಿ ಅಹವಾಲು ಕೇಳುತ್ತಾರೆಂದು ಗೊತ್ತಾಯಿತು. ಹಿಂದಿನ ರಾತ್ರಿ ರಘು ಕೈ ಮುಗಿಯುವುದೊಂದು ಬಾಕಿ. "ಗ್ರೀನ್ ಕಾರ್ಡಿನ ಅಪ್ಲಿಕೇಶನ್ ಹೋಗಿದೆ ಕಣೆ. ಗಲಾಟೆ, ಗಿಲಾಟೆ ಅಂತ ಎಲ್ಲೋ ನಿನ್ನ ಹೆಸರು ಬಂದ್ರೆ ಏನ್ ಗತಿ? ಹೋಗ್ಬೇಡ ಅನ್ನಲ್ಲ. ಹೋಗು, ಕೂತ್ಕೊಂಡು ಬಾ. ಬಾಯಿ ಮಾತ್ರ ಬಿಡ್ಬೇಡ."

ಹೋಗಿ ಹಿಂದಿನ ಸಾಲಿನಲ್ಲಿ ಕೂತೆ. ಪುಸ್ತಕ ಚೀಲದಲ್ಲಿತ್ತು. ಟೈ ಕಟ್ಟಿದವನು ತಾನು ಅಂಥ ಮಾತೇ ಆಡಿಲ್ಲವೆಂದ, ವಯಸ್ಸಾದವರಿಗೆ ನೆನಪು ಕೈಕೊಡುವುದು ಸಹಜ ಎಂದು ಮೆಲ್ಲಗೆ ನಕ್ಕ. ಲೂಥರ್ ಹೇಳಿದರು, ಮಿಸ್ ಅರ್ನೆಸ್ಟೀನ್ ಹೇಳಿದರು. ನೀವಿಬ್ಬರೂ ಜಾಗ ಕಳೆದುಕೊಳ್ಳುವವರೇ ಅಲ್ಲವೇ ಎಂದ ಅಧಿಕಾರಿ, "ಅವತ್ತೇ ಬರೆದಿಟ್ಟುಕೊಂಡವರು, ಹೊರಗಿನವರು, ಯಾರಾದರೂ ಇದ್ದಾರೆಯೇ?" ಎಂದು ಕೇಳಿದರು.

ಅಲ್ಲಿ ಕನ್ನಡಿ ಇರಲಿಲ್ಲ. ಮಿಸ್ ಅರ್ನೆಸ್ಟೀನ್ ಹಿಂದಿರುಗಿ ನೋಡಲೂ ಇಲ್ಲ. "ಇದ್ದರೆ ಅವರೇ ಎದ್ದು ನಿಲ್ಲುತ್ತಾರೆ" ಎಂದಷ್ಟೇ ಅಧಿಕಾರಿಗೆ ಹೇಳಿದರು. ನನ್ನ ಹೆಸರು ಅವರಿಗೆ ಗೊತ್ತಿತ್ತು, ಹೇಳಬಹುದಿತ್ತು. ನಾನು ಚೀಲವನ್ನು ಎರಡೂ ಕೈಯಲ್ಲಿ ಅವುಚಿಕೊಂಡು ಕೂತಿದ್ದೆ. ಅಧಿಕಾರಿ ಸ್ವಲ್ಪ ಕಾದು ಮುಂದಿನ ಕಾಗದ ತೆಗೆದುಕೊಂಡರು.

ಕೋಣೆ ಖಾಲಿ ಮಾಡುವ ಶನಿವಾರ ಯಾವ ಮುಖ ಹೊತ್ತು ಹೋಗಲಿ ಎಂದುಕೊಂಡರೂ ಹೋದೆ, ಕೈಯಲ್ಲಿ ಅದೇ ಡಬ್ಬಿ. ಕುರ್ಚಿಗಳನ್ನು ಆಗಲೇ ಹೊರಗೆ ಜೋಡಿಸಿದ್ದರು. ಮಿಸ್ ಅರ್ನೆಸ್ಟೀನ್ ಕನ್ನಡಿಯನ್ನು ಹಳೆಯ ಟವೆಲಿನಲ್ಲಿ ಸುತ್ತುತ್ತಿದ್ದರು. ಸ್ಟಾಕ್ಟನ್ನಿನಲ್ಲಿರುವ ತಂಗಿಯ ಮಗಳ ಮನೆಗೆ ಹೊರಟಿದ್ದರು.

"ತಪ್ಪಾಯ್ತು" ಎಂದೆ. ಡಬ್ಬಿಯನ್ನು ಅವರ ಮುಂದಿಟ್ಟೆ.

ಅವರು ಡಬ್ಬಿಯ ಮುಚ್ಚಳ ತೆಗೆದರು. ನನ್ನ ಕಡೆ ನೋಡದೆ, ನೀನು ಮೊದಲು ತಿನ್ನು ಎನ್ನದೆ, ಕೈಯಲ್ಲೇ ತೆಗೆದುಕೊಂಡು ತಿಂದರು. "ಕಡಲೆಬೀಜ ಚೆನ್ನಾಗಿ ಹುರಿದಿದೀಯ" ಎಂದರು. ಎರಡನೆಯ ತುತ್ತಿಗೆ ಹೇಳಿದರು: "ಆವತ್ತು ಸಿಟಿ ಹಾಲಲ್ಲಿ ನಂಗೆ ಖಾತ್ರಿ ಆಯ್ತಮ್ಮ, ನಿನ್ನ ಯಾರೂ ಕಳಿಸಿಲ್ಲ ಅಂತ. ಯಾರಾದ್ರೂ ಕಳಿಸಿದ್ದಿದ್ರೆ ನೀನು ಧೈರ್ಯವಾಗಿ ಎದ್ದು ನಿಲ್ತಿದ್ದೆ. ಯಾರೋ ಕಳಿಸಿ ಬಂದೋರಿಗೆ ಭಯ ಇರಲ್ಲ."

ಅದು ಸಮಾಧಾನವೋ ಚುಚ್ಚುಮಾತೋ ನನಗೆ ಇಂದಿಗೂ ಅನುಮಾನ.

ಆಮೇಲೆ ಪುಸ್ತಕ ಕೇಳಿದರು. ಟೈ ಕಟ್ಟಿದವನು ಬಂದ ದಿನದ ಪುಟ ತೆಗೆದುಕೊಟ್ಟೆ. ಎಂದಿನಂತೆ ಓದಲು ಬಾಯಿ ತೆರೆದರೆ, ಬೇಡವೆಂದು ಕೈ ಅಡ್ಡ ಹಿಡಿದರು. ತಮಗೆ ಒಂದಕ್ಷರವೂ ಗೊತ್ತಾಗದ ಆ ಸಾಲುಗಳ ಕೆಳಗೆ ದಪ್ಪ ಅಕ್ಷರಗಳಲ್ಲಿ ತಮ್ಮ ಪೂರ್ತಿ ಹೆಸರು ಬರೆದರು. ಅದರ ಪಕ್ಕದಲ್ಲಿ ಇನ್ನೊಂದು ಹೆಸರಿಗಾಗುವಷ್ಟು ಉದ್ದದ ಒಂದು ಗೆರೆ ಎಳೆದರು. ನನ್ನ ಕೈಗೆ ಪೆನ್ನು ಕೊಡಲಿಲ್ಲ, ಬರೆ ಎಂದೂ ಹೇಳಲಿಲ್ಲ. ಕನ್ನಡಿಯನ್ನು ಬಗಲಲ್ಲಿಟ್ಟುಕೊಂಡು ಲೂಥರ್ ಅವರ ಟ್ರಕ್ಕು ಹತ್ತಿದರು.

ಅವರು ತೀರಿಕೊಂಡ ಸುದ್ದಿ ಲೂಥರ್ ಫೋನು ಮಾಡಿ ಹೇಳಿದಾಗ ನಾವು ಫಾಸ್ಟರ್ ಸಿಟಿ ಎಂಬ ಊರಿಗೆ ಬಂದು ವರ್ಷಗಳಾಗಿದ್ದವು. ರಘುವಿನ ಹಳೆಯ ಕಂಪನಿ ಬಾಗಿಲು ಹಾಕಿತು, ಗ್ರೀನ್ ಕಾರ್ಡು ಬಂತು, ಸಿಟಿಜನ್‌ಶಿಪ್ಪೂ ಬಂತು. ಈಗ ನನ್ನ ಹೆಸರಿನಿಂದ ಯಾರಿಗೂ ಯಾವ ಅಪಾಯವೂ ಇಲ್ಲ. ಎಷ್ಟೋ ಸಲ ಆ ಪುಟ ತೆಗೆದು ಪೆನ್ನು ಹಿಡಿದು ಕೂತಿದ್ದೇನೆ. ಗೆರೆಯ ಮೇಲೆ ಪೆನ್ನು ಇಡಬೇಕು ಅನ್ನುವಷ್ಟರಲ್ಲಿ, ಈಗ ಭಯ ಇಲ್ಲವಲ್ಲ, ನಿನ್ನನ್ನು ಯಾರು ಕಳಿಸಿದ್ದು ಎಂದು ಅವರು ಕೇಳುತ್ತಾರೆ. ಗೆರೆ ಇನ್ನೂ ಖಾಲಿಯಾಗಿಯೇ ಇದೆ.