ದೊಡ್ಡವ್ವ ತೊಳೆದ ಮರಳು

ಮೊನ್ನೆ ಅಡುಗೆಮನೆಯ ಕಟ್ಟೆಯ ಮೇಲೆ ಒಂದು ಪ್ಲಾಸ್ಟಿಕ್ ಕವರ್ ಬಿಚ್ಚಿದೆ. ಒಳಗೆ ಕಪ್ಪಗೆ ಮುದ್ದೆಗಟ್ಟಿದ ಹುಣಸೆಹಣ್ಣು. ಸಾರಿಗೆ ಹಾಕುವ ಹೊಸ ಹುಣಸೆಯ ವಾಸನೆ ಬೇರೆ, ಪಾತ್ರೆ ತಿಕ್ಕಲೆಂದು ವರ್ಷಗಟ್ಟಲೆ ಎತ್ತಿಟ್ಟ ಹಳೆಯ ಹುಣಸೆಯ ವಾಸನೆಯೇ ಬೇರೆ. ಹುಳಿ, ಉಪ್ಪು, ಸ್ವಲ್ಪ ಅಟ್ಟದ ಹೊಗೆ... ಮೂಗಿಗೆ ತಾಕಿದ್ದೇ ತಡ, ನಾನು ಹೊನ್ನಾಳಿಯ ಈ ಮನೆಯಲ್ಲಿರಲಿಲ್ಲ. ಜಗಳೂರಿನ ಆಚೆಯ ಒಂದು ಹಳ್ಳಿಯ ಹಿತ್ತಲಲ್ಲಿ ನಿಂತಿದ್ದೆ. ಎದುರಿಗೆ ದೊಡ್ಡವ್ವ ಕುಕ್ಕರುಗಾಲಲ್ಲಿ ಕೂತು ತಾಮ್ರದ ಹಂಡೆ ತಿಕ್ಕುತ್ತಿದ್ದಳು.

ದೊಡ್ಡವ್ವ ನನಗೆ ನೆಂಟಳಲ್ಲ. ಟೀಚರ್ ಕೆಲಸ ಸಿಕ್ಕಿ ಆ ಊರಿಗೆ ಹೋದಾಗ ನಾನು ಬಾಡಿಗೆಗೆ ಹಿಡಿದ ಕೋಣೆಯ ಪಕ್ಕದ ಮನೆಯವಳು. ಬೀದಿಯವರೆಲ್ಲ ಹಾಗೆ ಕರೆಯುತ್ತಿದ್ದರು, ನಾನೂ ಕರೆದೆ. ತೊಳೆಯುವುದು ಅವಳಿಗೊಂದು ಹುಚ್ಚು. ನನ್ನ ಟೀ ಪಾತ್ರೆಯ ತಳ ಕಪ್ಪಾಗಿದೆಯೆಂದು ಕೇಳದೆಯೇ ಎತ್ತಿಕೊಂಡು ಹೋಗಿ ಬೂದಿ ಹಾಕಿ ತಿಕ್ಕಿ ತಂದಿಡುತ್ತಿದ್ದಳು. ಸುಮ್ಮನೆ ಕೂತರೆ ನಮ್ಮನ್ನೂ ತಿಕ್ಕಿ ಬೋರಲು ಹಾಕ್ತಾಳೆ ಎಂದು ಅವಳ ಅಳಿಯ ಛೇಡಿಸುತ್ತಿದ್ದ. ಗಂಡ ತೀರಿಕೊಂಡ ಮೇಲೆ ಮಗಳು, ಅಳಿಯ ಇಬ್ಬರೂ ಅವಳ ಜೊತೆಗೇ ಇದ್ದರು.

ಆ ಊರಿನ ಬೋರ್‌ವೆಲ್ ನೀರು ನೋಡಲು ಸ್ಫಟಿಕದಂತಿತ್ತು. ಕುಡಿದರೆ ಮಾತ್ರ ಕೇಡು. ಅದರಲ್ಲಿ ಫ್ಲೋರೈಡ್ ಕರಗಿತ್ತು. ಆ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ ಮೂಡುತ್ತಿತ್ತು, ವಯಸ್ಸಾದವರ ಮೊಣಕಾಲು ಸೊಟ್ಟಗಾಗುತ್ತಿತ್ತು. ಕುದಿಸಿದರೂ ಬಟ್ಟೆಯಲ್ಲಿ ಸೋಸಿದರೂ ಹೋಗುವಂಥದ್ದಲ್ಲ. ಈಗಿನ ಹಾಗೆ ಕಾಯಿನ್ ಹಾಕಿ ಹಿಡಿಯುವ ಶುದ್ಧ ನೀರಿನ ಘಟಕ ಅಲ್ಲಿಗೆ ಬಂದಿರಲಿಲ್ಲ. ದೊಡ್ಡವ್ವನ ಮಗಳು ನಗುವ ಮೊದಲು ಸೆರಗು ಬಾಯಿಗಿಡುತ್ತಿದ್ದಳು. ಹೆಣ್ಣು ನೋಡಲು ಬಂದವರ ಮುಂದೆ ತುಟಿ ಬಿಚ್ಚಬೇಡವೆಂದು ಅವಳಿಗೆ ಹೇಳಿಕೊಟ್ಟವಳು ಸ್ವತಃ ದೊಡ್ಡವ್ವ. ಆ ಮಾತು ಅವಳಿಗೆ ಕಡೆಯವರೆಗೂ ಚುಚ್ಚುತ್ತಿತ್ತು.

ಮಗಳಿಗೆ ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲು ತೂಗುತ್ತಾ ದೊಡ್ಡವ್ವ ನನ್ನ ಮುಂದೆ ಹೇಳಿದ್ದು ಇಷ್ಟು: "ಟೀಚರಮ್ಮಾ, ಈ ಪುಟ್ಟಿ ಬಾಯ್ತುಂಬ ನಗಬೇಕ್ರೀ. ನನಗಿನ್ನೇನೂ ಬ್ಯಾಡ."

ಅದೇ ಹೊತ್ತಿಗೆ ಯಾವುದೋ ಕಾಲೇಜಿನವರು ಊರಿಗೆ ಬಂದು ಆಯ್ದ ಕೆಲವು ಮನೆಗಳಿಗೆ ನೀರು ಶುದ್ಧಿ ಮಾಡುವ ಸಾಧನ ಕೊಟ್ಟರು. ನೋಡಲು ಏನೂ ಇಲ್ಲ. ಮೇಲೊಂದು ಬಕೆಟ್, ಕೆಳಗೆ ನಲ್ಲಿಯಿರುವ ಡಬ್ಬಿ, ನಡುವೆ ಬಟ್ಟೆ ಚೀಲದಲ್ಲಿ ಕೆಂಪು ಮರಳು. ಜೊತೆಗೆ ಬಂದಿದ್ದ ಹುಡುಗಿ ಸೂಳೆಕೆರೆ ಕಡೆಯವಳು, ಕೆರೆ ನೀರು ಕುಡಿದು ಬೆಳೆದವಳು, ಪಿಎಚ್‌ಡಿ ಮಾಡುತ್ತಿದ್ದಳು. ಮರಳಿನ ಪ್ರತಿ ಕಾಳಿಗೂ ಕಬ್ಬಿಣ, ಅಲ್ಯೂಮಿನಿಯಂನ ನ್ಯಾನೊ ಕಣಗಳನ್ನು ಬಳಿದಿದೆ, ಅವು ಕಣ್ಣಿಗೆ ಕಾಣದಷ್ಟು ಸಣ್ಣವು, ಅವೇ ಫ್ಲೋರೈಡನ್ನು ಹಿಡಿದಿಟ್ಟುಕೊಳ್ಳುತ್ತವೆ ಎಂದು ಅವಳು ತಾಳ್ಮೆಯಿಂದ ವಿವರಿಸಿದಳು. ದೊಡ್ಡವ್ವನಿಗೆ ಅರ್ಥವಾಗಿದ್ದು ಎಷ್ಟೋ. ಕೊನೆಗೆ ಹುಡುಗಿ ಒಂದು ಲೋಟ ಬೋರಿನ ನೀರಿಗೆ ಗುಲಾಬಿ ಬಣ್ಣದ ಔಷಧದ ಹನಿ ಬಿಟ್ಟಳು, ಫ್ಲೋರೈಡ್ ಇದ್ದುದರಿಂದ ಹಳದಿಯಾಯಿತು. ಕೆಂಪು ಮರಳಿನಿಂದ ಇಳಿದ ನೀರಿಗೆ ಬಿಟ್ಟಳು, ಗುಲಾಬಿ ಬಣ್ಣ ಹಾಗೆಯೇ ನಿಂತಿತು. ದೊಡ್ಡವ್ವ ಆ ಗುಲಾಬಿ ಲೋಟವನ್ನು ದೇವರ ಗೂಡಿನ ಮುಂದೆ ಇಟ್ಟು ಕೈಮುಗಿದಳು.

ಅಂದಿನಿಂದ ಪುಟ್ಟಿಗೆ ಬೇರೆ ನೀರಿಲ್ಲ. ಹಾಲಿಗೆ ಬೆರೆಸುವುದು, ಗಂಜಿ ಕಾಯಿಸುವುದು ಎಲ್ಲಾ ಆ ನಲ್ಲಿಯಿಂದಲೇ. ಮದುವೆಗೆ ಹೋದರೂ ದೊಡ್ಡವ್ವನ ಕಂಕುಳಲ್ಲಿ ಒಂದು ಬಾಟಲಿ ಇರುತ್ತಿತ್ತು. ಕಾಲೇಜಿನವರು ಆಗಾಗ ಬಂದು ಮರಳಿನ ಚೀಲ ಒಯ್ದು, ತೊಳೆದು, ಮತ್ತೆ ತಂದು ಹಾಕುತ್ತಿದ್ದರು. ನೀವು ಮಾತ್ರ ಮುಟ್ಟಬೇಡಿ ಎಂದಿದ್ದರು.

ಆಮೇಲೆ ಅವರು ಬರುವುದು ನಿಂತಿತು. ಯೋಜನೆ ಮುಗಿಯಿತಂತೆ. ಹೇಳಿ ಹೋಗುವವರೂ ಯಾರೂ ಇರಲಿಲ್ಲ.

ದೀಪಾವಳಿಯ ಹಿಂದಿನ ದಿನ ನೀರು ತುಂಬುವ ಹಬ್ಬ. ಮನೆಯಲ್ಲಿ ನೀರು ನಿಲ್ಲುವ ಒಂದೊಂದು ಪಾತ್ರೆಯೂ ಹುಣಸೆ, ಬೂದಿ ಕಂಡು ಥಳಥಳ ಅನ್ನಬೇಕು. ಹಂಡೆಗೆ ಸುಣ್ಣ, ಕೆಮ್ಮಣ್ಣಿನ ಪಟ್ಟೆ ಬಳಿದು, ಕುತ್ತಿಗೆಗೆ ಬಳ್ಳಿ ಸುತ್ತಿ, ಹೊಸ ನೀರು ತುಂಬಿ ಪೂಜೆ ಮಾಡಬೇಕು. ನಾನು ಹಬ್ಬಕ್ಕೆ ನಮ್ಮೂರಿನ ಬಸ್ಸು ಹತ್ತುವ ಬೆಳಿಗ್ಗೆ ಅವಳು ಹಂಡೆಯಿಂದ ಶುರು ಮಾಡಿರುತ್ತಿದ್ದಳು. ಕೊನೆಗೆ ಯಾವುದರ ಸರದಿ ಬರುತ್ತಿತ್ತು ಅನ್ನುವುದು ನನಗೆ ಗೊತ್ತಾಗುವ ಹೊತ್ತಿಗೆ ಪುಟ್ಟಿಯ ಮೊದಲ ಹಾಲುಹಲ್ಲು ಅಲ್ಲಾಡುತ್ತಿತ್ತು.

ಆ ಸೂಳೆಕೆರೆ ಕಡೆಯ ಹುಡುಗಿ ಒಂದು ದಿನ ತಾನಾಗಿಯೇ ಬಂದಳು. ಕೆಲಸಕ್ಕೆ ಸೇರಿದ್ದಳಂತೆ, ಅಂದು ಎತ್ತಿ ಆಡಿಸಿದ ಕೂಸನ್ನು ನೋಡುವ ಆಸೆ. ನಾನೂ ಜೊತೆಗೆ ಹೋಗಿ ಕೂತೆ. ದೊಡ್ಡವ್ವನ ಸಂಭ್ರಮ ಹೇಳತೀರದು. ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ ಎಲ್ಲಾ ಆಯಿತು. ಆಮೇಲೆ ತಾನೇ ಬಕೆಟ್ಟಿನ ಮುಚ್ಚಳ ತೆಗೆದು, ಚೀಲ ಬಿಚ್ಚಿ ತೋರಿಸಿದಳು.

"ನೀವು ಕೊಟ್ಟಾಗ ತುಕ್ಕು ಹಿಡಿದಂಗೆ ಇತ್ತು ನೋಡ್ರವ್ವ. ನಿಮ್ಮೋರು ಬರಲಿಲ್ಲ ಅಂತ ನಾನು ಬಿಟ್ಟಿಲ್ಲ. ಹಬ್ಬ ಹಬ್ಬಕ್ಕೂ ಹುಣಸೆಹಣ್ಣು ಹಾಕಿ ತಿಕ್ಕಿ, ಗಾಲಿಸಿ ಇಟ್ಟೀನಿ. ಈಗ ಹೆಂಗೈತೆ ನೋಡ್ರಿ."

ಮರಳು ಬೆಳ್ಳಗಿತ್ತು. ನಮ್ಮ ತುಂಗಭದ್ರೆ ದಂಡೆಯ ಮರಳಿನಂತೆ ಶುಭ್ರವಾಗಿತ್ತು.

ಹುಡುಗಿ ಒಂದು ಹಿಡಿ ಮರಳನ್ನು ಅಂಗೈಯಲ್ಲಿ ಹಿಡಿದು ಬಹಳ ಹೊತ್ತು ನೋಡಿದಳು. ಬ್ಯಾಗಿನಿಂದ ಆ ಹನಿಯ ಬಾಟಲಿ ತೆಗೆದು ನಲ್ಲಿಯ ನೀರಿಗೆ ಬಿಟ್ಟಳು. ಹಳದಿ. ಬೇರೆ ಲೋಟ ತರಿಸಿ ಮತ್ತೆ ಬಿಟ್ಟಳು. ಹಳದಿಯೇ. ಆ ಕೆಂಪು ತುಕ್ಕಲ್ಲ ಅಜ್ಜಿ, ನೀರು ಶುದ್ಧಿ ಮಾಡುವ ಔಷಧಿಯೇ ಅದು, ಹುಣಸೆ ಹುಳಿಗೆ ಕರಗಿ ಹೋಗಿದೆ ಎಂದಳು.

"ಹಂಗಾದ್ರೆ ಪುಟ್ಟಿ ಇಷ್ಟು ವರ್ಷ ಕುಡಿದಿದ್ದು?"

"ಬೋರಿನ ನೀರೇ ಅಜ್ಜಿ... ತಪ್ಪು ನಿಮ್ದಲ್ಲ, ನಾವು ಬರಬೇಕಿತ್ತು."

ದೊಡ್ಡವ್ವ ಅಳಲಿಲ್ಲ, ಬೈಯಲೂ ಇಲ್ಲ. ಚೀಲದ ಬಾಯಿಯನ್ನು ಮೊದಲಿದ್ದ ಹಾಗೆಯೇ ಕಟ್ಟಿದಳು. ಹುಡುಗಿಗೆ ಕುಂಕುಮ ಇಟ್ಟು ಕಳಿಸಿದಳು. ನನಗೆ ಇಂದಿಗೂ ಆ ಕಾಲೇಜಿನವರ ಮೇಲೆ ಸಿಟ್ಟಿದೆ. ಕೊಡುವಾಗ ಅಷ್ಟು ಜನ ಬಂದಿದ್ದರು, ಫೋಟೊ ತೆಗೆಸಿಕೊಂಡಿದ್ದರು.

ಆಮೇಲೆ ಪುಟ್ಟಿಯ ಹೊಸ ಹಲ್ಲುಗಳು ಬಂದವು. ಒಂದೊಂದರ ಮೇಲೂ ಕಂದು ಗೆರೆ. ಒಂದು ಬೆಳಿಗ್ಗೆ ಹಿತ್ತಲಲ್ಲಿ ಮಗು ಚೀರುವುದು ಕೇಳಿ ಓಡಿದೆ. ದೊಡ್ಡವ್ವ ಅವಳನ್ನು ತೊಡೆಯ ನಡುವೆ ಒತ್ತಿ ಹಿಡಿದು ಉಪ್ಪು, ಬೂದಿ ಹಾಕಿ ಬೆರಳಿನಿಂದ ಹಲ್ಲು ತಿಕ್ಕುತ್ತಿದ್ದಳು. ಪುಟ್ಟಿಯ ವಸಡಿನಿಂದ ರಕ್ತ ಬರುತ್ತಿತ್ತು. ನಾನು ಕೈ ಹಿಡಿದೆ. ಆಗ ಅವಳು ನನ್ನ ಮುಖ ನೋಡಿ, "ಹೋಗವಲ್ದು ಟೀಚರಮ್ಮಾ..." ಎಂದಳು. ಅವಳು ಅತ್ತಿದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಆ ವರ್ಷದ ಹಬ್ಬಕ್ಕೆ ಅವಳು ಹಂಡೆ ತಿಕ್ಕಲಿಲ್ಲ. ಮಸಿ ಹಿಡಿದ ಹಂಡೆಗೇ ಮಗಳು ನೀರು ತುಂಬಿ ದೀಪ ಹಚ್ಚಿದಳು. ಮರುವರ್ಷವೂ ಹಾಗೆಯೇ... ಅಷ್ಟರಲ್ಲಿ ನನಗೆ ಹೊನ್ನಾಳಿಗೆ ವರ್ಗವಾಯಿತು.

ಈ ಹುಣಸೆ ತಂದುಕೊಟ್ಟವಳು ಪುಟ್ಟಿ. ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿದ್ದಾಳೆ. ಹಬ್ಬದ ರಜೆಗೆ ಊರಿಗೆ ಹೋಗುವ ಮೊದಲು ದಾರಿಯಲ್ಲಿ ಇಳಿದು ನನ್ನ ಮನೆ ಹುಡುಕಿಕೊಂಡು ಬಂದಿದ್ದಳು. ದೊಡ್ಡವ್ವ ಬೇಸಿಗೆಯಲ್ಲಿ ತೀರಿಕೊಂಡಳು ಎನ್ನುವುದು ನನಗೆ ಗೊತ್ತಾದದ್ದು ಆಗಲೇ.

"ಅಜ್ಜಿ ಹೋದ ಮೇಲೆ ಅಟ್ಟದ ಸಾಮಾನು ಇಳಿಸಿದ್ವಿ ಟೀಚರ್. ಗಡಿಗೆ ತುಂಬ ಹುಣಸೆಹಣ್ಣು. ವರ್ಷ ವರ್ಷ ಬೀಜ ಬಿಡಿಸಿ, ಉಪ್ಪು ಹಾಕಿ ಇಡ್ತಿತ್ತು. ತಿಕ್ಕಾಕೆ ಮಾತ್ರ ತೆಗೀತಿರಲಿಲ್ಲ. ನಿಮಗೊಂದಿಷ್ಟು ಕೊಡಾಣ ಅನ್ನಿಸ್ತು."

ನಾನು ಏನೋ ಹಳೆಯ ತಮಾಷೆ ನೆನಪಿಸಿದೆ, ಅವಳಪ್ಪನ ಆ ಬೋರಲು ಹಾಕುವ ಮಾತು. ಪುಟ್ಟಿ ಬಾಯ್ತುಂಬ ನಕ್ಕಳು. ಸೆರಗಿಲ್ಲ, ಅಡ್ಡ ಕೈಯಿಲ್ಲ, ಕಂದು ಪಟ್ಟೆಯ ಹಲ್ಲುಗಳೆಲ್ಲ ಕಾಣುವ ಹಾಗೆ. ಎಷ್ಟು ಚೆಂದ ನಗ್ತೀಯೇ ಎಂದೆ. ಅವಳ ಮುಖ ಸಣ್ಣಗಾಯಿತು.

"ಮನೇಲಿ ನಗ್ತಿರಲಿಲ್ಲ ಟೀಚರ್. ನಾನು ನಕ್ರೆ ಅಜ್ಜಿ ಎದ್ದು ಒಳಗೆ ಹೋಗ್ತಿತ್ತು."

ಅಂದೇ ಅವಳನ್ನು ಬಸ್ಸು ಹತ್ತಿಸಿ ಬಂದೆ. ನಾಳೆ ನೀರು ತುಂಬುವ ಹಬ್ಬ. ಹಿತ್ತಲಲ್ಲಿ ನನ್ನ ಹಂಡೆ ಮಸಿ ಹಿಡಿದು ಕೂತಿದೆ, ಪಕ್ಕದಲ್ಲಿ ದೊಡ್ಡವ್ವನ ಹುಣಸೆ ನೆನೆಹಾಕಿದ್ದೇನೆ. ಬೆಳಿಗ್ಗೆಯಿಂದ ಅದಕ್ಕೆ ಕೈ ಹಾಕಲು ಆಗುತ್ತಿಲ್ಲ.