ಹೆಡ್ವಿಗ್ ಇಡಗೊಡದ ಹೆಸರು

ಮಾರನೆಯ ಬೆಳಿಗ್ಗೆ ಮಗುವಿಗೆ ಸುನ್ನತಿ, ಹೆಸರಿಡುವುದು. ಮನೆ ತುಂಬ ಜನ. ತೊಂಬತ್ತರ ಹೆಡ್ವಿಗ್ ಊಟದ ಮೇಜಿಗೆ ಕೋಲಿನಿಂದ ಬಡಿದು, ಮನ್‌ಫ್ರೆಡ್ ಅನ್ನುವ ಹೆಸರು ತಾನಿರುವ ತನಕ ಈ ಮನೆಯ ಯಾವ ಮಗುವಿಗೂ ಬೇಡ ಅಂದಳು.

"ಅಪ್ಪನ್ನ ಬಿಟ್ಟು ಓಡಿಬಂದವನ ಹೆಸರು ಇಟ್ಕೊಂಡು ಈ ಕೂಸು ಏನು ಉದ್ಧಾರ ಆಗತ್ತೆ?"

ಹಾಗಂದದ್ದು ಹೆತ್ತ ಮಗನ ಬಗ್ಗೆ. ಅವನು ಸತ್ತು ಇನ್ನೂ ವರ್ಷ ತುಂಬಿರಲಿಲ್ಲ. ಅವನ ಹೆಂಡತಿ ಮಾರ್ತಾ ಎದುರಿಗೇ ಸೌಟು ಹಿಡಿದು ನಿಂತಿದ್ದಳು. ಹುಟ್ಟಿದ್ದು ಅವಳ ಮಗ ಫೆಲಿಕ್ಸನ ಗಂಡುಮಗು, ಮನ್‌ಫ್ರೆಡ್‌ನ ಮೊದಲ ಮೊಮ್ಮಗ. ಅದೇ ಸೌಟಿನಿಂದ ಅತ್ತೆಯ ತಲೆಗೆ ಒಂದು ಬಿಡಬೇಕು ಅಂತ ಮಾರ್ತಾಳಿಗೆ ಅನ್ನಿಸಿತು. ನಲವತ್ತು ವರ್ಷದಿಂದ ಆಗಾಗ ಅನ್ನಿಸುತ್ತಲೇ ಇತ್ತು.

ನಮ್ಮ ಯಹೂದಿಗಳಲ್ಲಿ ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ. ಸತ್ತವರದ್ದನ್ನೇ ಇಡಬೇಕು. ಇಟ್ಟರೆ ಆ ಮನುಷ್ಯ ಹೋದ ಅಂತ ಮನೆಯವರು ಒಪ್ಪಿಕೊಂಡ ಹಾಗೆ; ಇಡದೇ ಹೋದರೆ ಅವನು ಹುಟ್ಟಿಯೇ ಇರಲಿಲ್ಲವೇನೋ ಅನ್ನುವ ಹಾಗೆ ಅಳಿಸಿಹೋಗುತ್ತಾನೆ. ಗಂಡ ಅಳಿಸಿಹೋಗಬಾರದು, ಮಾರ್ತಾಳಿಗೆ ಬೇಕಿದ್ದದ್ದು ಅಷ್ಟೇ.

ಮನಿಲಾದಲ್ಲಿ ನಾವೆಲ್ಲ ಹೆಡ್ವಿಗ್‌ಳನ್ನು ಓಮಾ ಅಂತ, ಅಂದರೆ ಅಜ್ಜಿ ಅಂತ, ಕರೆಯುತ್ತಿದ್ದೆವು. ತೊಡೆಯ ಮೇಲೆ ಕೂರಿಸಿಕೊಂಡು ಕಥೆ ಹೇಳುವ ಅಜ್ಜಿ ಅಂದುಕೊಂಡರೆ ಕೆಟ್ಟಿರಿ. ಜರ್ಮನಿಯ ಬ್ರೆಸ್ಲಾವ್‌ನಲ್ಲಿ ಅವಳದ್ದೂ ಗಂಡ ಸೀಗ್ಬರ್ಟನದ್ದೂ ಮಾಂಸದ ಅಂಗಡಿ. ಸಾವಿರದ ಒಂಬೈನೂರ ಮೂವತ್ತೆಂಟರಲ್ಲಿ ಯಹೂದಿಗಳನ್ನು ಹುಡುಕಿಕೊಂಡು ಬಂದ ಪುಂಡರು ಅಂಗಡಿ ಒಡೆದು, ಸೀಗ್ಬರ್ಟನನ್ನು ಗಾಜಿನ ಚೂರುಗಳ ಮೇಲೆ ಮಂಡಿಯೂರಿಸಿ ಒದ್ದರು. ಅವಳು ಮೇಲಿನ ಕಿಟಕಿಯಿಂದ ಕುದಿಯುವ ಕೊಬ್ಬಿನ ಹಂಡೆಯನ್ನೇ ಅವರ ಮೇಲೆ ಬಗ್ಗಿಸಿದಳು. ಒಬ್ಬನ ಮುಖದ ಚರ್ಮ ಸುಲಿದು ಬಂತು. ಉಳಿದವರು ಮೆಟ್ಟಿಲು ಹತ್ತಿ ಬಂದು ಹೊಡೆದ ಹೊಡೆತಕ್ಕೆ ಅವಳ ಎಡಗಿವಿ ಸತ್ತೇಹೋಯಿತು. ಬೇಡದ ಮಾತು ಬಂದಾಗ ಆ ಕಿವಿಯನ್ನು ಮುಂದೆ ಮಾಡುವುದನ್ನು ಆಮೇಲೆ ಕಲಿತಳು. ಆಮೇಲೆ ಸೆರೆಶಿಬಿರಕ್ಕೆ ಹಾಕಿದ್ದ ಗಂಡನನ್ನು ಬಿಡಿಸಿ, ಮಗನ ಜೊತೆ ಹಡಗು ಹತ್ತಿಸಿ ಮನಿಲಾಕ್ಕೆ ತಂದವಳೂ ಅವಳೇ. ಸೀಗ್ಬರ್ಟ್ ಪಾಪದವನು. ಹೆಂಡತಿ ಏನಂದರೂ, ಅವಳ ಹೆಸರನ್ನು ಮುದ್ದಿಗೆ ಮೊಟಕು ಮಾಡಿ, "ಆಯ್ತು ಹೆಡಿ" ಅನ್ನುವವನು.

ಪಾಕೋ ಬಡಾವಣೆಯಲ್ಲಿ ಮತ್ತೆ ಅಂಗಡಿ ಎದ್ದಿತು. ಮಗನಿಗೆ ವಿಯೆನ್ನಾದಿಂದ ತಪ್ಪಿಸಿಕೊಂಡು ಬಂದಿದ್ದ ಮಾರ್ತಾಳ ಜೊತೆ ಮದುವೆಯೂ ಆಯಿತು. ಅಷ್ಟರಲ್ಲಿ ಜಪಾನಿನವರು ಊರು ಹಿಡಿದಿದ್ದರು. ನಲವತ್ತೈದರ ಫೆಬ್ರವರಿಯಲ್ಲಿ ಅಮೆರಿಕದ ಫಿರಂಗಿಗಳು ನದಿಯ ಆಚೆ ದಡಕ್ಕೆ ಬಂದವು. ಈಚೆ ದಡದಲ್ಲಿ ಸಿಕ್ಕಿಬಿದ್ದ ಜಪಾನಿ ಸೈನಿಕರಿಗೆ ಹುಚ್ಚು ಹಿಡಿಯಿತು. ಬೀದಿಬೀದಿಗೆ ಬೆಂಕಿ ಇಡುತ್ತ, ಸಿಕ್ಕವರನ್ನು ಕೊಲ್ಲುತ್ತ ಬಂದರು. ಪಕ್ಕದ ಮನೆಯವರೆಲ್ಲ ಗಂಟುಮೂಟೆ ಕಟ್ಟಿದರೂ ಹೆಡ್ವಿಗ್ ಕದಲಲಿಲ್ಲ. ನಾವು ಜರ್ಮನರು, ಜಪಾನಿನವರ ದೋಸ್ತರು, ನಮ್ಮನ್ನು ಯಾಕೆ ಮುಟ್ಟುತ್ತಾರೆ ಅಂದಳು.

ನಗಬೇಡಿ. ನಮ್ಮನ್ನು ಒದ್ದು ಓಡಿಸಿದ ದೇಶದ ಪಾಸ್‌ಪೋರ್ಟ್, ಯಹೂದಿ ಅಂತ ಕೆಂಪು ಮುದ್ರೆ ಬೇರೆ. ಆದರೆ ಮೂರು ವರ್ಷ ಜಪಾನಿನವರ ಸೆರೆಯಿಂದ ನಮ್ಮನ್ನು ಕಾದದ್ದು ಅದೇ. ನಮ್ಮಲ್ಲಿ ಎಷ್ಟೋ ಮನೆಗಳಲ್ಲಿ ಅದನ್ನು ನಂಬಿ ಕೂತರು. ಎಂಥಾ ದರಿದ್ರ ನಂಬಿಕೆ!

ಗಂಡಸರೆಲ್ಲ ಹೊರಗೆ ಬನ್ನಿ ಅಂತ ಸೈನಿಕರು ಕೂಗಿದಾಗ ಸೀಗ್ಬರ್ಟ್ ಹಿತ್ತಲಿನ ನೀರಿನ ತೊಟ್ಟಿಯೊಳಗೆ ಅಡಗಿದ್ದ. ಹೆಡ್ವಿಗ್ ಅವನನ್ನು ಕಾಲರ್ ಹಿಡಿದು ಎಳೆದಳು. ಜೇಬಿಗೆ ಪಾಸ್‌ಪೋರ್ಟ್ ತುರುಕಿ, ತೋರಿಸಿ ಬೇಗ ಬಂದುಬಿಡು ಅಂತ ಮನ್‌ಫ್ರೆಡ್‌ನ ಜೊತೆ ಹೊರಗೆ ದಬ್ಬಿದಳು. ಅವನು ಆಯ್ತು ಹೆಡಿ ಅಂದ. ತುಂಬು ಬಸುರಿ ಮಾರ್ತಾ ಅದನ್ನು ಬಾಗಿಲಲ್ಲಿ ನಿಂತು ನೋಡಿದಳು.

ಬೀದಿಯ ಗಂಡಸರನ್ನೆಲ್ಲ ಒಂದು ಗೋದಾಮಿಗೆ ತುಂಬಿ ಬಾಗಿಲು ಹಾಕಿದರು. ಸ್ವಲ್ಪ ಹೊತ್ತಿಗೆ ಮನೆಗಳಿಗೂ ಬೆಂಕಿ ಬಿತ್ತು. ಉರಿಯುವ ಬೀದಿಯಲ್ಲಿ ಹೆಡ್ವಿಗ್ ಸೊಸೆಯ ಜಡೆ ಹಿಡಿದು ದರದರ ಎಳೆದುಕೊಂಡು ಓಡಿದಳು. ಮೂಲೆಯಲ್ಲಿ ಒಬ್ಬ ಸೈನಿಕ ಬಂದೂಕಿನ ಚೂರಿಯನ್ನು ಮಾರ್ತಾಳ ಹೊಟ್ಟೆಗೆ ಗುರಿಮಾಡಿ ಅಡ್ಡ ನಿಂತ. ಹೆಡ್ವಿಗ್ ಸೊಂಟದಿಂದ ಮೂಳೆ ಕಡಿಯುವ ಕತ್ತಿ ತೆಗೆದು ಅವನ ಕುತ್ತಿಗೆಗೆ ಹಾಕಿದಳು. ಅದು ಅರ್ಧದಲ್ಲೇ ಸಿಕ್ಕಿಕೊಂಡಿತು. ಅವನ ಎದೆಗೆ ಕಾಲು ಕೊಟ್ಟು ಕತ್ತಿ ಕಿತ್ತು, ಇನ್ನೊಂದು ಹಾಕಿದಳು. ಆ ರಕ್ತ ಮೈಮೇಲೆ ಇರುವಾಗಲೇ ಮಾರ್ತಾ ಕುಸಿದ ಚರ್ಚಿನ ಗೋಡೆಯ ಮರೆಯಲ್ಲಿ ಹೆತ್ತಳು. ಅತ್ತೆ ಅದೇ ಕತ್ತಿ ತೊಳೆದು ಹೊಕ್ಕುಳಬಳ್ಳಿ ಕೊಯ್ದಳು.

ಮನ್‌ಫ್ರೆಡ್ ಎರಡು ದಿನ ಬಿಟ್ಟು ತೆವಳಿಕೊಂಡು ಬಂದ. ಬೆನ್ನಲ್ಲಿ ಕೀವು ಕಟ್ಟಿದ ಗಾಯ. ಅಪ್ಪ ಹೋದ ಅಂದ. ಹೆಣ ಎಲ್ಲಿ ಅಂತ ಹೆಡ್ವಿಗ್ ಕೇಳಿದಳು. ಗೋದಾಮೇ ಸುಟ್ಟು ಬೂದಿಯಾಗಿದೆ ಅಂದ. ಉಸಿರು ನಿಂತದ್ದು ಕಣ್ಣಾರೆ ನೋಡಿದೆಯಾ ಅಂದಳು. ಒಳಗೆ ಕತ್ತಲಿತ್ತು ಅಂದ.

"ಮತ್ತೆ ಕತ್ತಲಲ್ಲಿ ನಿಂಗೆ ಹೆಂಗೋ ಗೊತ್ತಾಯ್ತು?"

ಹೆಡ್ವಿಗ್ ಅವನ ಮೂಗಿನಲ್ಲಿ ರಕ್ತ ಬರುವ ತನಕ ಕೆನ್ನೆಗೆ ಬಾರಿಸಿದಳು. ಬದುಕಿರುವ ಅಪ್ಪನನ್ನು ಬಿಟ್ಟು ಬಂದಿದ್ದೀಯ ಅಂದಳು. ಆ ವಾರ ನಮ್ಮ ಪುರೋಹಿತ ರಬ್ಬಿ ಬಂದಾಗ, ಕೂಸಿಗೆ ಸೀಗ್ಬರ್ಟನ ಹೆಸರಿಟ್ಟರೆ ನಿನ್ನನ್ನೂ ಕಡಿಯುತ್ತೇನೆ ಅಂತ ಆ ಪುಣ್ಯಾತ್ಮನನ್ನೂ ಹೆದರಿಸಿದಳು. ಮಾರ್ತಾಳ ಸತ್ತ ತಂದೆಯ ಹೆಸರು, ಫೆಲಿಕ್ಸ್ ಅಂತ, ಇಟ್ಟರು.

ಆಮೇಲಿನ ಬದುಕನ್ನು ಹೆಡ್ವಿಗ್ ಗಂಡನಿಗಾಗಿ ಕಾದೇ ಕಳೆದಳು. ಸುಮ್ಮನೆ ಕೂತು ಕಾಯುವ ಪೈಕಿ ಅಲ್ಲ. ಯುದ್ಧದಲ್ಲಿ ತಬ್ಬಲಿಯಾದ ನಮ್ಮ ಮಕ್ಕಳನ್ನೆಲ್ಲ ಮನೆಗೆ ಎಳೆತಂದಳು, ಹೊಡೆದು ಬಡಿದು ಓದಿಸಿ ಮದುವೆ ಮಾಡಿದಳು. ಒಬ್ಬಳ ಗಂಡ ಕೈಮಾಡಿದ ಅಂತ ತಿಳಿದು ಹೋಗಿ ಅವನ ಎರಡು ಬೆರಳು ಮುರಿದು ಬಂದಳು. ನಮ್ಮವರು ಒಬ್ಬೊಬ್ಬರೇ ಅಮೆರಿಕಕ್ಕೆ ಹೋದರೂ ಅವಳು ಹೊರಡಲಿಲ್ಲ. ಸೀಗ್ಬರ್ಟ್ ಬಂದರೆ ಎಲ್ಲಿ ಅಂತ ಹುಡುಕುತ್ತಾನೆ ಅನ್ನುವಳು. ಮನ್‌ಫ್ರೆಡ್ ದಿನವೂ ಅವಳ ಎದುರಿಗೆ ಕೂತು ಉಂಡ, ದಿನವೂ ಹೇಡಿ ಅನ್ನಿಸಿಕೊಂಡ, ಒಂದು ದಿನ ಮಾಂಸ ಕೊಚ್ಚುತ್ತಿದ್ದವನು ಎದೆ ಹಿಡಿದುಕೊಂಡು ಬಿದ್ದ. ಗೋದಾಮಿನಲ್ಲಿ ನಡೆದದ್ದನ್ನು ಒಂದೇ ಒಂದು ಸಲ ಹೆಂಡತಿಗೆ ಹೇಳಿದ್ದ, ಅಮ್ಮನಿಗೆ ಹೇಳಕೂಡದು ಅಂತ ಆಣೆಯನ್ನೂ ಹಾಕಿಸಿಕೊಂಡಿದ್ದ.

ಈಗ ಮಾರ್ತಾ ಸೌಟು ಕೆಳಗಿಟ್ಟಳು. ಎಲ್ಲರನ್ನೂ ಆಚೆ ಕಳಿಸಿ ಬಾಗಿಲು ಹಾಕಿದಳು. ಅತ್ತೆ ಕೆಟ್ಟ ಕಿವಿಯನ್ನು ಮುಂದೆ ಮಾಡಿದಾಗ, ಗದ್ದ ಹಿಡಿದು ಈ ಕಡೆಗೆ ತಿರುಗಿಸಿದಳು. ಹಾಗೆ ಮುಟ್ಟಿದ್ದು ಜನ್ಮದಲ್ಲಿ ಅದೇ ಮೊದಲು.

"ಕತ್ತಲಲ್ಲಿ ಹೆಂಗೆ ಗೊತ್ತಾಯ್ತು ಅಂತ ಕೇಳ್ತಿದ್ರಲ್ಲ ಅತ್ತೆ. ಮಾವನ ಬಾಯಿ ಇವರ ಕೈಯಡಿ ಇತ್ತು."

ಸೈನಿಕರು ಒಳಗೆ ಬಾಂಬು ಎಸೆದರು ಅಂದಳು. ಮಾವನ ಹೊಟ್ಟೆ ಹರಿದಿತ್ತು. ಬದುಕುವ ಹಾಗಿರಲಿಲ್ಲ, ಆದರೂ ಹೆಡಿ, ಹೆಡಿ ಅಂತ ನರಳುತ್ತಿದ್ದರು. ಸೈನಿಕರು ಹೆಣಗಳ ಮೇಲೆ ನಡೆಯುತ್ತ, ನರಳಿದವರನ್ನೆಲ್ಲ ಇರಿಯುತ್ತ ಬಂದರು. ಮನ್‌ಫ್ರೆಡ್ ಅಪ್ಪನ ಬಾಯಿ ಮುಚ್ಚಿ ಹಿಡಿದ. ಸತ್ತಿದ್ದಾನೋ ಅಂತ ನೋಡಲು ಅವನ ಬೆನ್ನಿಗೂ ಇರಿದರು. ಅವನು ಕೈ ತೆಗೆಯಲಿಲ್ಲ. ಅವರು ಹೋದ ಮೇಲೆ ತೆಗೆದರೆ ಅಡಿಯಲ್ಲಿ ಉಸಿರಿರಲಿಲ್ಲ.

ಹೆಡ್ವಿಗ್ ಕೋಲೆತ್ತಿ ಸೊಸೆಯ ಭುಜಕ್ಕೆ ಹೊಡೆದಳು. ಮತ್ತೆ ಅಲ್ಲಿಗೇ ಹೊಡೆದಳು. ಮಾರ್ತಾ ಅಲುಗಾಡಲಿಲ್ಲ.

"ಯಾಕೇ ನಂಗೆ ಹೇಳ್ಲಿಲ್ಲ ಅವನು?"

"ಹೇಳಿದ್ರೆ, ಮಾವನ್ನ ತೊಟ್ಟಿಯಿಂದ ಎಳೆದು ಕಳಿಸಿದ್ಯಾರು ಅನ್ನೋ ಮಾತು ಬರ್ತಿತ್ತು. ಆ ಮಾತು ನಿಮ್ಮ ಮುಂದೆ ಬರಬಾರ್ದು ಅಂತ. ಏಟು ತಾನೇ ತಿಂದ್ಕೊಂಡ್ರು."

ಕೋಲು ಕೆಳಗೆ ಬಿತ್ತು. ಹೆಡ್ವಿಗ್ ಗೋಡೆ ಹಿಡಿದುಕೊಂಡು ತನ್ನ ಕೋಣೆಗೆ ಹೋದಳು, ಊಟಕ್ಕೆ ಬರಲಿಲ್ಲ. ಆಣೆ ಮುರಿದೆನಲ್ಲ ಅಂತ ಮಾರ್ತಾಳಿಗೆ ಸಂಕಟವಾಯಿತು. ಮುದುಕಿಯನ್ನು ಕೊಂದುಬಿಟ್ಟೆನೇನೋ ಅಂತ ಭಯವೂ ಆಯಿತು.

ಬೆಳಿಗ್ಗೆ ಹೆಡ್ವಿಗ್ ಒಳ್ಳೆಯ ಅಂಗಿ ತೊಟ್ಟು ಬಂದು ಮಗುವನ್ನು ಮಡಿಲಿಗೆ ಹಾಕಿಸಿಕೊಂಡಳು. ಕತ್ತರಿಸುವುದು ಮುಗಿದು, ಮಗು ಕಿರುಚಿ, ರಬ್ಬಿ ಹೆಸರು ಕೇಳಿದ.

"ಸೀಗ್ಬರ್ಟ್ ಮನ್‌ಫ್ರೆಡ್" ಅಂದಳು ಹೆಡ್ವಿಗ್. "ಮೊದಲು ಅಪ್ಪ ಸಾಯ್ಲಿ, ಆಮೇಲೆ ಮಗ. ಇಷ್ಟು ವರ್ಷ ಇಬ್ರನ್ನೂ ನಾನೇ ಸಾಯೋಕೆ ಬಿಡ್ಲಿಲ್ಲ, ಬದುಕೋಕೂ ಬಿಡ್ಲಿಲ್ಲ."

ಆಮೇಲೆ ಸೊಸೆಯ ಹತ್ತಿರ ಚಾಕು ಕೇಳಿದಳು. ಸತ್ತವರಿಗಾಗಿ ಬಟ್ಟೆ ಹರಿದುಕೊಳ್ಳುವುದು ನಮ್ಮ ಪದ್ಧತಿ. ಸಂತೋಷದ ಮನೆಯಲ್ಲಿ ಹಾಗೆ ಮಾಡಿದವರನ್ನು ಯಾರೂ ಕಂಡಿರಲಿಲ್ಲ. ಮಾರ್ತಾ ಕಾಲರಿನಲ್ಲಿ ಚಿಕ್ಕ ಗೀರು ಹಾಕಿಕೊಟ್ಟಳು. ಹೆಡ್ವಿಗ್ ಅದನ್ನು ಎದೆಯ ತನಕ ಪರ್ರನೆ ಹರಿದು, ಸೂತಕದವರು ಕೂರುವ ಗಿಡ್ಡ ಮಣೆಯ ಮೇಲೆ ಕೂತಳು. ಕೇಕ್ ತಿನ್ನಲು ಬಂದವರು ತಟ್ಟೆ ಹಿಡಿದು ಹಾಗೇ ನಿಂತರು.

"ವಿಧವೆ ಆಗೋದ್ರಲ್ಲಿ ನೀನು ನನಗಿಂತ ಹಿರಿಯಳು ಕಣೇ ಮಾರ್ತಾ" ಅಂದಳು. "ಹೆಂಗಿರಬೇಕು ಅಂತ ಹೇಳ್ಕೊಡು."

ಮಾರ್ತಾ ಅವಳ ಪಕ್ಕ ನೆಲದ ಮೇಲೆ ಕೂತಳು. ಅತ್ತೆಯ ಹೆಗಲಿಗೆ ಕೈ ಹಾಕೋಣ ಅಂದುಕೊಂಡಳು, ಆದರೆ ಹೊಡೆತ ಬಿದ್ದ ಭುಜ ಮೇಲೇಳಲಿಲ್ಲ.